ಹಳೆ ಫೈಬರ್ ದೋಣಿ: ಮನೆಯಂಗಳದಲ್ಲೇ ರಿಪೇರಿ ಮಾಡುವ ಪೂರ್ತಿ ಕ್ರಮ

ನಮ್ಮ ಹಿತ್ತಲಲ್ಲಿ ತೆಂಗಿನ ಮರದ ಬುಡಕ್ಕೆ ಒಂದು ದೋಣಿ ಆರು ವರ್ಷ ಹಾಗೇ ಬಿದ್ದಿತ್ತು. 18 ಅಡಿ ಉದ್ದದ ಫೈಬರ್ ದೋಣಿ. ಅಪ್ಪ ಪಂಚಗಂಗಾವಳಿ ಹೊಳೆಯಲ್ಲೂ ಅಳಿವೆಯ ಹತ್ತಿರವೂ ಬಲೆ ಬಿಡಲು ಇಟ್ಟುಕೊಂಡಿದ್ದದ್ದು. ಮಗುಚಿ ಇಡದೆ ಅಂಗಾತ ಬಿಟ್ಟಿದ್ದರಿಂದ ಪ್ರತಿ ಮಳೆಗಾಲ ನೀರು ತುಂಬಿ, ಒಳಗೆ ಕಪ್ಪೆಗಳ ಸಂಸಾರವೇ ನಡೆದಿತ್ತು.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಪೇಟೆಗೆ ಹೋಗಿ ರೆಸಿನ್ (ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟು ದ್ರವ), ಮ್ಯಾಟ್ (ಗಾಜಿನ ಎಳೆಯ ಹಾಳೆ) ತಂದು, ಎರಡೇ ದಿನದಲ್ಲಿ ತೂತಿಗೆಲ್ಲ ತೇಪೆ ಹಾಕಿ ಮುಗಿಸಿದೆ. ನೋಡಲು ಚಂದವಾಗಿಯೇ ಇತ್ತು. ನಾಲ್ಕು ತಿಂಗಳಲ್ಲಿ ಆ ತೇಪೆ ಕಾವಲಿಯಿಂದ ದೋಸೆ ಏಳುವ ಹಾಗೆ ಎದ್ದು ಬಂತು. ಪಕ್ಕದ ಮನೆಯ ಅಜ್ಜ ನೋಡಿ ಹೇಳಿದ್ದು ಇಷ್ಟೇ: "ಒಣ್ಗುಕ್ ಬಿಡ್ ಮಾರಾಯಾ, ಮತ್ತಿಂದ್ ಮತ್ತೆ ಕಾಂಬ."

ಎರಡನೇ ಸಲ ಅವರ ಮಾತು ಕೇಳಿದೆ. ರೆಸಿನ್ ಹಚ್ಚಿದ್ದು ಒಟ್ಟು ಐದಾರು ದಿನ. ಒಣಗಿಸಿದ್ದು, ಕೆರೆದದ್ದು ಸುಮಾರು ಎರಡು ತಿಂಗಳು. ಈ ಬರಹದಲ್ಲೂ ಹಾಗೇ, ಹಚ್ಚುವ ಮೊದಲಿನ ಕೆಲಸದ ಮಾತು ಜಾಸ್ತಿ ಇದೆ.

ಮೊದಲು ದೋಣಿಯ ಜಾತಕ ನೋಡಿ

ಕರಾವಳಿಯಲ್ಲಿ 'ಫೈಬರ್ ದೋಣಿ' ಅನ್ನುವುದರಲ್ಲಿ ಎರಡು ಜಾತಿ ಇವೆ. ಒಂದು ಅಚ್ಚಿನಲ್ಲಿ ಎರಕವಾದ ಪೂರ್ತಿ ಫೈಬರ್ ದೋಣಿ. ಇನ್ನೊಂದು ಮರದ ಅಥವಾ ಪ್ಲೈವುಡ್‌ನ ದೋಣಿಗೆ ಮೇಲಿಂದ ಫೈಬರ್ ಹೊದಿಸಿದ್ದು. ಒಳಗಿನಿಂದ ಒಂದು ಕಡೆ ಬಣ್ಣ ಕೆರೆದರೆ ಗೊತ್ತಾಗುತ್ತದೆ. ಹೊದಿಕೆಯ ದೋಣಿಯಲ್ಲಿ ಒಳಗಿನ ಮರವೇ ಕೊಳೆತಿದ್ದರೆ ಮೇಲಿಂದ ಎಷ್ಟು ಫೈಬರ್ ಹಾಕಿದರೂ ದಂಡ. ಅದು ಮರದ ಕೆಲಸ ಬಲ್ಲವರ ಪಾಲು. ಇಲ್ಲಿ ಹೇಳುತ್ತಿರುವುದು ಪೂರ್ತಿ ಫೈಬರ್ ದೋಣಿಯ ವಿಷಯ.

ಪರೀಕ್ಷೆಗೆ ಬೇಕಾದದ್ದು ಒಂದು ಸಣ್ಣ ಸುತ್ತಿಗೆ ಮತ್ತು ಸೀಮೆಸುಣ್ಣ. ದೋಣಿಯ ಮೈಯನ್ನೆಲ್ಲ ಗೇಣು ಗೇಣಿಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇರುವಲ್ಲಿ ಟಕ್ ಟಕ್ ಎಂದು ಸ್ಪಷ್ಟ ಶಬ್ದ ಬರುತ್ತದೆ. ಪದರ ಬಿಟ್ಟಿರುವಲ್ಲಿ ಹಳಸಿದ ಹಲಸಿನಕಾಯಿ ತಟ್ಟಿದ ಹಾಗೆ ಮಂಕು ಶಬ್ದ. ಅಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಎರಡು ಗಂಟೆಯಲ್ಲಿ ಕಿವಿ ಪಳಗುತ್ತದೆ.

ತಳದಲ್ಲಿ ಸಣ್ಣ ಸಣ್ಣ ಬೊಕ್ಕೆಗಳಿದ್ದರೆ ಒಂದನ್ನು ಚುಚ್ಚಿ ನೋಡಿ. ವಿನೆಗರ್‌ನಂಥ ಹುಳಿ ವಾಸನೆಯ ನೀರು ಬಂದರೆ ಮೇಲ್ಪದರದ ಹಿಂದೆ ನೀರು ಇಳಿದಿದೆ ಎಂದರ್ಥ. ಹೆದರಬೇಕಾಗಿಲ್ಲ, ಆದರೆ ಒಣಗಿಸುವ ದಿನಗಳು ಹೆಚ್ಚಾಗುತ್ತವೆ.

ಮುಖ್ಯವಾದ ಪರೀಕ್ಷೆ ಮೋಟಾರ್ ಕೂರುವ ಹಿಂಬದಿಯ ಹಲಗೆಯದ್ದು. ಟ್ರಾನ್ಸಮ್ ಎನ್ನುತ್ತಾರಲ್ಲ, ಅದು. ಫೈಬರ್‌ನ ಎರಡು ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಒಳಗಿನ ಕಡೆಯಿಂದ 6 ಮಿಲಿಮೀಟರ್ ಬಿಟ್ಟಿನಲ್ಲಿ ಮೂರು ನಾಲ್ಕು ತೂತು ಕೊರೆಯಿರಿ, ಆಚೆ ಬದಿಗೆ ಹೋಗದಂತೆ. ಒಣಗಿದ ಬಿಳಿ ಹುಡಿ ಬಂದರೆ ನಿಮ್ಮ ಅದೃಷ್ಟ. ಕಪ್ಪಗೆ, ಒದ್ದೆ ಚಹಾಪುಡಿಯ ಹಾಗೆ ಬಂದರೆ ಹಲಗೆ ಬದಲಿಸಲೇಬೇಕು. ಆರು ವರ್ಷ ಮಳೆ ಕುಡಿದ ನಮ್ಮ ದೋಣಿಯಲ್ಲಿ ಬಂದದ್ದು ಚಹಾಪುಡಿ.

ಕೈಬಿಡಬೇಕಾದ ದೋಣಿಯೂ ಇರುತ್ತದೆ. ತಳದ ನಡುವಿನ ಬೆನ್ನೆಲುಬು ಅಡ್ಡಕ್ಕೆ ಮುರಿದಿದ್ದರೆ, ಎರಡೂ ಪಕ್ಕ ಒತ್ತಿದಾಗ ಎಣ್ಣೆ ಡಬ್ಬದ ಹಾಗೆ ಒಳಹೊರಗೆ ಆಡುತ್ತಿದ್ದರೆ ಬಿಟ್ಟುಬಿಡಿ. ಆ ದುಡ್ಡಿಗೆ ಇನ್ನೊಂದು ಹಳೆ ದೋಣಿ ಸಿಗುತ್ತದೆ.

ಕಾಲ ಯಾವುದು?

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬಿಡುವಿದೆ, ಆಗಲೇ ಮಾಡೋಣ ಎಂದು ಅನಿಸುತ್ತದೆ. ಬೇಡ. ಪಾಲಿಯೆಸ್ಟರ್ ರೆಸಿನ್‌ಗೂ ಮಳೆಗಾಲದ ತೇವಕ್ಕೂ ಆಗಿಬರುವುದಿಲ್ಲ. ಮ್ಯಾಟ್ ಕೂಡ ತೇವ ಹೀರಿಕೊಂಡು ಸರಿಯಾಗಿ ನೆನೆಯುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಸರಿಯಾದ ಕಾಲ. ನಾನು ದೀಪಾವಳಿ ಕಳೆದ ಮೇಲೆ ತೊಳೆದು ಒಣಗಲು ಇಟ್ಟೆ, ಜನವರಿಯಲ್ಲಿ ರೆಸಿನ್ ಮುಟ್ಟಿದೆ. ಏಪ್ರಿಲ್, ಮೇ ತಿಂಗಳಲ್ಲೂ ಮಾಡಬಹುದು, ಬೆಳಿಗ್ಗೆ ಬೇಗ ಮಾತ್ರ. ಬಿಸಿಲೇರಿದ ಮೇಲೆ ರೆಸಿನ್ ಕೈಯಲ್ಲೇ ಗಟ್ಟಿಯಾಗುತ್ತದೆ.

ಇಡುವುದು, ತೊಳೆಯುವುದು, ಒಣಗಿಸುವುದು

ದೋಣಿಯನ್ನು ನಾಲ್ಕೈದು ಕಡೆ ಹಳೆ ಟಯರ್ ಅಥವಾ ಮರಳು ಚೀಲದ ಮೇಲೆ ಕೂರಿಸಿ. ಎರಡೇ ಕಡೆ ಆಧಾರ ಕೊಟ್ಟರೆ ನಡು ಜಗ್ಗುತ್ತದೆ. ಜಗ್ಗಿದ ಸ್ಥಿತಿಯಲ್ಲಿ ಫೈಬರ್ ಹಾಕಿದರೆ ಅದೇ ಆಕಾರ ಖಾಯಂ. ತಳದ ಉದ್ದಕ್ಕೆ ಒಂದು ದಾರ ಎಳೆದು ಕಟ್ಟಿ ನೋಡಿದರೆ ನೇರ ಇದೆಯೋ ಇಲ್ಲವೋ ತಿಳಿಯುತ್ತದೆ. ಮಗುಚಲು ಎಂಟು ಹತ್ತು ಜನ ಬೇಕು. ಭಾನುವಾರ ಬೆಳಿಗ್ಗೆ ಗೋಳಿಬಜೆ ಮಾಡಿಸಿದರೆ ಜನ ತಾನಾಗಿ ಬರುತ್ತಾರೆ.

ತಳಕ್ಕೆ ಅಂಟಿದ ಚಿಪ್ಪುಗಳನ್ನು ಕರಣೆಯಿಂದ ಎಬ್ಬಿಸಿ. ಹಳೆ ಬೋಲ್ಟ್, ಕೊಕ್ಕೆ, ಸೀಟು ಎಲ್ಲ ಬಿಚ್ಚಿ, ಬಿಚ್ಚುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಬಾವಿ ನೀರಿನಲ್ಲಿ ಸೋಪು ಹಾಕಿ ತಿಕ್ಕಿ, ಮೂರು ನಾಲ್ಕು ದಿನ ಬರೀ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪು ಉಳಿದರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ.

ತೊಳೆದ ಮೇಲೆ ಒಂದು ಉಪಾಯ. ದೋಣಿ ನೆಟ್ಟಗಿರುವಾಗ ಒಳಗೆ ನಾಲ್ಕು ಬೆರಳು ನೀರು ನಿಲ್ಲಿಸಿ. ಹೊರಗೆ ಎಲ್ಲೆಲ್ಲಿ ಜಿನುಗುತ್ತದೋ ಅಲ್ಲೆಲ್ಲ ಗುರುತು ಹಾಕಿ. ಕಣ್ಣಿಗೆ ಕಾಣದ ಬಿರುಕು ಹೀಗೆ ಸಿಕ್ಕಿಬೀಳುತ್ತದೆ. ಜಾಸ್ತಿ ನೀರು ತುಂಬಬೇಡಿ, ಭಾರಕ್ಕೆ ಹಳೆ ಮೈ ಒಡೆದೀತು.

ಆಮೇಲೆ ತೆಂಗಿನ ಮಡಲಿನ ಚಪ್ಪರ ಅಥವಾ ಟಾರ್ಪಾಲು ಹಾಕಿ ಗಾಳಿಯಾಡುವಂತೆ ಬಿಡಿ. ಬೊಕ್ಕೆ ಮತ್ತು ಬಿರುಕುಗಳನ್ನು ಮೊದಲೇ ತೆರೆದಿಟ್ಟರೆ ಬೇಗ ಒಣಗುತ್ತದೆ. ಒಣಗಿದೆಯಾ ಎಂದು ತಿಳಿಯಲು ಒಂದಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಮೈಗೆ ಅಂಟಿಸಿ. ಬಿಸಿಲಿನಲ್ಲಿ ಒಂದು ದಿನ ಬಿಟ್ಟು ನೋಡಿದಾಗ ಒಳಗೆ ಬೆವರಿನ ಹನಿ ಕಂಡರೆ ಇನ್ನೂ ಕಾಯಬೇಕು. ನಾನು ಈ ಹಾಳೆಯನ್ನು ಐದು ಸಲ ಅಂಟಿಸಿ ಕಿತ್ತಿದ್ದೇನೆ.

ಕೆರೆಯುವ ಕೆಲಸ

ಇದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ನಾಲ್ಕಿಂಚಿನ ಗ್ರೈಂಡರ್‌ಗೆ 40 ನಂಬರಿನ ಡಿಸ್ಕ್ ಹಾಕಿ, ಹಾಳಾದ ಭಾಗವನ್ನು ಗಟ್ಟಿ ಫೈಬರ್ ಸಿಗುವವರೆಗೆ ಕೆರೆಯಬೇಕು. ಬಿಳಿಚಿಕೊಂಡ, ಎಳೆ ಬಿಟ್ಟ ಫೈಬರ್ ಒಂದಿಷ್ಟೂ ಉಳಿಯಬಾರದು.

ತೂತಿನ ಅಂಚನ್ನು ನೇರ ಕತ್ತರಿಸಿ ಬಿಡುವುದಲ್ಲ, ತಟ್ಟೆಯ ಹಾಗೆ ಇಳಿಜಾರು ಮಾಡಬೇಕು. ಲೆಕ್ಕ ಹೀಗೆ: ಮೈಯ ದಪ್ಪದ 12 ಪಟ್ಟು ಅಗಲದ ಇಳಿಜಾರು. ದಪ್ಪ 6 ಮಿಲಿಮೀಟರ್ ಇದ್ದರೆ ತೂತಿನ ಸುತ್ತ 72 ಮಿಲಿಮೀಟರ್. ಅಂದರೆ ಒಂದು ಗೇಣಿಗಿಂತ ಚಿಕ್ಕದಾದ, 15 ಸೆಂಟಿಮೀಟರಿನ ತೂತಿಗೆ ಸುಮಾರು 30 ಸೆಂಟಿಮೀಟರಿನ ತೇಪೆ. ಸಣ್ಣ ತೂತನ್ನು ಇಷ್ಟು ದೊಡ್ಡದು ಮಾಡಬೇಕಾ ಎಂದು ಕೈ ಹಿಂಜರಿಯುತ್ತದೆ. ಹೊಸ ರೆಸಿನ್ ಹಳೆಯದರ ಜೊತೆ ಬೆರೆತು ಒಂದಾಗುವುದಿಲ್ಲ, ಅಂಟಿಕೊಂಡಿರುತ್ತದೆ ಅಷ್ಟೇ. ಅಂಟಲು ಜಾಗ ಜಾಸ್ತಿ ಇದ್ದಷ್ಟು ಹಿಡಿತ ಜಾಸ್ತಿ. ನನ್ನ ಮೊದಲ ತೇಪೆ ಎದ್ದು ಬಂದದ್ದು ತೇವದಿಂದ ಮಾತ್ರವಲ್ಲ, ಇಳಿಜಾರು ಮಾಡದೆ ಬಣ್ಣದ ಮೇಲೇ ಹಚ್ಚಿದ್ದರಿಂದ ಕೂಡ.

ಗಾಜಿನ ಹುಡಿಯ ತುರಿಕೆ ಅನುಭವಿಸಿದವರಿಗೇ ಗೊತ್ತು. ತುಂಬು ತೋಳಿನ ಅಂಗಿ, ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ, ಕನಿಷ್ಠ ಎನ್95 ಮಾಸ್ಕ್ ಬೇಕೇ ಬೇಕು. ಬೈರಾಸು ಕಟ್ಟಿಕೊಂಡರೆ ಸಾಲದು. ಕೆಲಸ ಮುಗಿದ ಮೇಲೆ ತಣ್ಣೀರಿನಲ್ಲೇ ಸ್ನಾನ ಮಾಡಿ, ಮೈ ಉಜ್ಜಬೇಡಿ. ಆ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲು ಹಾಕಿದರೆ ನಿಮಗೆ ಊಟ ಸಿಗುವುದು ಕಷ್ಟ. ನೆಲಕ್ಕೆ ಟಾರ್ಪಾಲು ಹಾಸಿ ಹುಡಿಯನ್ನೆಲ್ಲ ಗೋಣಿಗೆ ತುಂಬಿಸಿ. ಬಾವಿಯ ಹತ್ತಿರ ಈ ಕೆಲಸ ಬೇಡವೇ ಬೇಡ.

ರೆಸಿನ್ ಅಂದರೆ ಅಡುಗೆಯಲ್ಲ, ಕೈಯಳತೆ ನಡೆಯುವುದಿಲ್ಲ

ಬೇಕಾಗುವ ಸಾಮಾನು ಇಷ್ಟು: ಪಾಲಿಯೆಸ್ಟರ್ ರೆಸಿನ್, ಕ್ಯಾಟಲಿಸ್ಟ್, ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್, 610 ಗ್ರಾಂ ತೂಗುವ ರೋವಿಂಗ್, ಅಸಿಟೋನ್, ಬ್ರಷ್, ಗಾಳಿ ಒತ್ತಿ ತೆಗೆಯುವ ಲೋಹದ ರೋಲರ್. ಮ್ಯಾಟ್ ಅಂದರೆ ತುಂಡು ಎಳೆಗಳನ್ನು ಚೆಲ್ಲಿ ಮಾಡಿದ ಹಾಳೆ. ರೋವಿಂಗ್ ಅಂದರೆ ಚಾಪೆಯ ಹಾಗೆ ನೇಯ್ದದ್ದು. ರೆಸಿನ್‌ನಲ್ಲಿ 'ಜನರಲ್ ಪರ್ಪಸ್' ಅಗ್ಗ. ನೀರಿನಡಿ ಇರುವ ಭಾಗಕ್ಕೆ 'ಐಸೋ' ಎಂದು ಕೇಳಿ ತನ್ನಿ, ನೀರನ್ನು ಚೆನ್ನಾಗಿ ತಡೆಯುತ್ತದೆ. ಎಪಾಕ್ಸಿ ಇನ್ನೂ ಗಟ್ಟಿಯಾಗಿ ಅಂಟುತ್ತದೆ, ಬೆಲೆಯೂ ಹಾಗೇ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ ಎಂಬುದು ನೆನಪಿರಲಿ. ಯಾವುದಾದರೂ ಒಂದಕ್ಕೆ ಅಂಟಿಕೊಳ್ಳಿ.

ರೆಸಿನ್ ಗಟ್ಟಿಯಾಗಲು ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡೂ ಬೇಕು. ಈ ಎರಡನ್ನು ಯಾವತ್ತೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ. ಬೆಂಕಿ ಹತ್ತುತ್ತದೆ, ಸ್ಫೋಟವೂ ಆಗಬಹುದು. ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಕೊಡಿ ಎಂದು ಅಂಗಡಿಯಲ್ಲಿ ಕೇಳಿದರೆ ಮನೆಗೆ ಆ ಬಾಟಲಿ ತರುವ ಅಗತ್ಯವೇ ಬೀಳುವುದಿಲ್ಲ. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಕುತ್ತು. ಕನ್ನಡಕ ಹಾಕದೆ ಮುಚ್ಚಳ ತೆರೆಯಬೇಡಿ. ಅಕಸ್ಮಾತ್ ಬಿದ್ದರೆ 15 ನಿಮಿಷ ನೀರು ಹೊಯ್ಯುತ್ತಲೇ ಇದ್ದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಸಿಟೋನ್ ಪೆಟ್ರೋಲಿನ ಹಾಗೆ, ಬೀಡಿ ಸೇದುವ ಸಹಾಯಕರನ್ನು ದೂರ ಇಡಿ.

ಕ್ಯಾಟಲಿಸ್ಟ್ ಪ್ರಮಾಣ ರೆಸಿನ್ ತೂಕದ 1ರಿಂದ 2 ಶೇಕಡಾ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ರೆಸಿನ್ ತೂಗಿ, ಸಿರಿಂಜ್‌ನಲ್ಲಿ ಕ್ಯಾಟಲಿಸ್ಟ್ ಅಳೆಯಿರಿ. 100 ಗ್ರಾಂಗೆ 1 ಮಿಲಿ ಎಂದು ಶುರು ಮಾಡಿ. ಬಿಸಿಲ ದಿನಕ್ಕೆ ಅಷ್ಟೇ ಸಾಕು, ತಂಪಿದ್ದರೆ ಒಂದೂವರೆ. ಒಂದು ಸಲ ಏಪ್ರಿಲ್ ಮಧ್ಯಾಹ್ನ, ಬೇಗ ಮುಗಿಯಲಿ ಎಂದು ಒಂದು ಕಿಲೋ ರೆಸಿನ್‌ಗೆ ಅಂದಾಜಿನಲ್ಲಿ ಕ್ಯಾಟಲಿಸ್ಟ್ ಸುರಿದೆ. ಹತ್ತು ನಿಮಿಷದಲ್ಲಿ ಬಕೆಟ್ ಹೊಗೆಯಾಡಿ, ತಳ ಕರಗಿ ಅಂಗಳಕ್ಕೆ ಅಂಟಿತು. ಆ ಕಲೆ ಈಗಲೂ ಇದೆ. ಒಂದು ಸಲಕ್ಕೆ 300 ಗ್ರಾಂ ಮೀರಿ ಕಲಸಬೇಡಿ. ಉಳಿದದ್ದನ್ನು ಕಸದ ಬುಟ್ಟಿಗೆ ಹಾಕದೆ ತೆರೆದ ಜಾಗದಲ್ಲಿ, ಮರಳಿನ ಮೇಲೆ ಗಟ್ಟಿಯಾಗಲು ಬಿಡಿ.

ತೂತಿಗೆ ತೇಪೆ

ಹೊರಮೈ ನುಣುಪಾಗಿ ಬರಬೇಕಾದರೆ ಕೆಲಸ ಒಳಗಿನಿಂದ ಮಾಡಬೇಕು. ಇಳಿಜಾರೂ ಒಳಗಿನ ಕಡೆಗೇ ಇರಲಿ. ಹೊರಗಿನಿಂದ ತೂತಿಗೆ ಒಂದು ಸನ್‌ಮೈಕಾ ತುಂಡು ಒತ್ತಿ ಟೇಪ್ ಹಚ್ಚಿ. ಅದು ದೋಣಿಯ ಬಾಗಿಗೆ ತಕ್ಕಂತೆ ಬಗ್ಗುತ್ತದೆ. ನುಣುಪು ಬದಿಗೆ ಮೊದಲೇ ಮೇಣದ ಪಾಲಿಶ್ ಎರಡು ಸಲ ಉಜ್ಜಿರಬೇಕು, ಇಲ್ಲದಿದ್ದರೆ ಸನ್‌ಮೈಕಾ ದೋಣಿಯ ಭಾಗವೇ ಆಗಿಬಿಡುತ್ತದೆ.

ಕೆರೆದ ಜಾಗವನ್ನು ಅಸಿಟೋನ್ ಬಟ್ಟೆಯಿಂದ ಒರೆಸಿ ಆರಲು ಬಿಡಿ. ಸನ್‌ಮೈಕಾದ ಮೇಲೆ ಒಳಗಿನಿಂದ ಒಂದು ಕೈ ಜೆಲ್‌ಕೋಟ್ ಹಚ್ಚಿ, ಅರ್ಧ ಮಿಲಿಮೀಟರ್ ದಪ್ಪ ಸಾಕು. ಜೆಲ್‌ಕೋಟ್ ಅಂದರೆ ಹೊರಮೈಗೆ ಬಣ್ಣ, ನುಣುಪು ಕೊಡುವ ರೆಸಿನ್. ಮುಟ್ಟಿದರೆ ಅಂಟಂಟಾಗಿದ್ದು ಬೆರಳಿಗೆ ಹತ್ತದಷ್ಟು ಆದಾಗ ಮ್ಯಾಟ್ ಶುರು.

450ರ ಮ್ಯಾಟ್ ಒಂದು ಪದರ ನೆನೆದ ಮೇಲೆ ಸುಮಾರು ಒಂದು ಮಿಲಿಮೀಟರ್ ಆಗುತ್ತದೆ. 6 ಮಿಲಿಮೀಟರಿಗೆ ಆರು ಪದರ. 30 ಸೆಂಟಿಮೀಟರಿನಿಂದ 16ರವರೆಗೆ ಒಂದೊಂದೇ ಚಿಕ್ಕದಾಗುವಂತೆ ಆರು ವೃತ್ತ ಕತ್ತರಿಸಿ. ಒಟ್ಟು ಮ್ಯಾಟ್ 120 ಗ್ರಾಂ ಆಸುಪಾಸು, ಅದರ ಎರಡೂವರೆ ಪಟ್ಟು ರೆಸಿನ್, ಅಂದರೆ 300 ಗ್ರಾಂ. ರೋವಿಂಗ್ ಆದರೆ ಅದರ ತೂಕದಷ್ಟೇ ರೆಸಿನ್ ಸಾಕು.

ದೊಡ್ಡ ವೃತ್ತ ಮೊದಲೋ ಚಿಕ್ಕದು ಮೊದಲೋ ಎಂದು ಕೆಲಸದವರಲ್ಲೇ ಜಗಳವಿದೆ. ನಾನು ದೊಡ್ಡದನ್ನೇ ಮೊದಲು ಹಾಕುತ್ತೇನೆ. ಒಂದೇ ಅಖಂಡ ಪದರ ಇಳಿಜಾರನ್ನು ಪೂರ್ತಿ ಹಿಡಿದುಕೊಳ್ಳುತ್ತದೆ. ಚಿಕ್ಕದು ಮೊದಲು ಹಾಕಿದರೆ ಕೊನೆಗೆ ಉಜ್ಜುವಾಗ ಆ ದೊಡ್ಡ ಪದರವೇ ಸವೆದು ಹೋಗುತ್ತದೆ.

ಮೊದಲು ಜಾಗಕ್ಕೆ ರೆಸಿನ್ ಹಚ್ಚಿ, ಮ್ಯಾಟ್ ಇಟ್ಟು, ಬ್ರಷ್‌ನಿಂದ ಕುಟ್ಟಿ. ಎಳೆಯಬಾರದು, ಎಳೆದರೆ ಎಳೆಗಳು ಚದುರುತ್ತವೆ. ಬಿಳಿ ಮ್ಯಾಟ್ ಕಾಣದಂತಾಗಿ ಪಾರದರ್ಶಕವಾದರೆ ನೆನೆಯಿತು ಎಂದು. ರೋಲರ್ ಒತ್ತಿ ಗಾಳಿಗುಳ್ಳೆ ಹೊರಗೆ ಓಡಿಸಿ. ಒಂದೇ ಸಲಕ್ಕೆ ಮೂರು ಪದರ ಸಾಕು. ಜಾಸ್ತಿಯಾದರೆ ಒಳಗೆ ಬಿಸಿ ಏರಿ ಸೀಳುತ್ತದೆ. ಉಳಿದ ಮೂರನ್ನು ಅದೇ ದಿನ ಸಂಜೆ ಅಥವಾ ಮರುದಿನ ಬೆಳಿಗ್ಗೆ ಹಾಕಿ. ಅಷ್ಟು ಹೊತ್ತಿಗೆ ಮೇಲ್ಮೈ ಇನ್ನೂ ಸ್ವಲ್ಪ ಅಂಟಿರುವುದರಿಂದ ಉಜ್ಜದೇ ಹಾಕಬಹುದು. ತಡವಾಗಿ ಪೂರ್ತಿ ಗಟ್ಟಿಯಾದರೆ ಮತ್ತೆ 80ರ ಉಪ್ಪುಕಾಗದ ಹಿಡಿಯಬೇಕು.

ಕೂದಲೆಳೆಯ ಬಿರುಕುಗಳಿಗೆ ಇಷ್ಟೆಲ್ಲ ಬೇಡ. 'ವಿ' ಆಕಾರದಲ್ಲಿ ಕೆರೆದು ಪುಟ್ಟಿ (ಹುಡಿ ಬೆರೆಸಿ ಮಂದ ಮಾಡಿದ ರೆಸಿನ್) ತುಂಬಿದರೆ ಸಾಕು. ಪುಟ್ಟಿಗೆ ಟಾಲ್ಕ್ ಹುಡಿ ಬೆರೆಸುವ ರೂಢಿ ಇದೆ, ಆದರೆ ಅದು ನೀರು ಕುಡಿಯುತ್ತದೆ. ನೀರಿನ ಮಟ್ಟದ ಕೆಳಗೆ ಏರೋಸಿಲ್ (ಹಗುರವಾದ ಸಿಲಿಕಾ ಹುಡಿ) ಬೆರೆಸಿದ ಪುಟ್ಟಿಯೇ ಒಳ್ಳೆಯದು.

ಹಿಂಬದಿ ಹಲಗೆ ಬದಲಿಸುವುದು

ಮೋಟಾರಿನ ಭಾರ, ನೂಕು, ನಡುಕ ಎಲ್ಲ ಈ ಹಲಗೆಯ ಮೇಲೆ. ಇಲ್ಲಿ ಜುಗ್ಗತನ ಮಾಡಿದರೆ ಮೋಟಾರ್ ಹೊಳೆಯ ಪಾಲು.

ಒಳಗಿನ ಫೈಬರ್ ಪದರವನ್ನು ಸುತ್ತ 5 ಸೆಂಟಿಮೀಟರ್ ಅಂಚು ಬಿಟ್ಟು ಕತ್ತರಿಸಿ ತೆಗೆಯಿರಿ. ಕೊಳೆತ ಪ್ಲೈವುಡ್ ಉಳಿಯಿಂದ ಕೆರೆದರೆ ಕೇಕಿನ ಹಾಗೆ ಬರುತ್ತದೆ. ಗಟ್ಟಿ ಉಳಿದ ಮೂಲೆಗಳೇ ಜಾಸ್ತಿ ಕಾಟ ಕೊಡುತ್ತವೆ. ಹೊರಪದರವನ್ನು ಕೆರೆದು ಶುಚಿ ಮಾಡಿ, ರಟ್ಟಿನಲ್ಲಿ ಆಕಾರ ಕತ್ತರಿಸಿಕೊಳ್ಳಿ.

ಹೊಸದಕ್ಕೆ ಐಎಸ್ 710 ಮುದ್ರೆ ಇರುವ ಮರೈನ್ ಪ್ಲೈವುಡ್ ತನ್ನಿ. 'ವಾಟರ್‌ಪ್ರೂಫ್' ಎಂದು ಅಂಗಡಿಯಲ್ಲಿ ಕೊಡುವ 303 ಅಡುಗೆಮನೆ ಕಪಾಟಿಗೆ ಸರಿ, ದೋಣಿಗಲ್ಲ. 12 ಮಿಲಿಮೀಟರಿನ ಎರಡು ಹಾಳೆಗಳನ್ನು ನಡುವೆ ನೆನೆಸಿದ ಮ್ಯಾಟ್ ಇಟ್ಟು ಜೋಡಿಸಿದರೆ ಹತ್ತಿರ ಹತ್ತಿರ ಒಂದಿಂಚು. ಹಳೆ ಹಲಗೆಯ ದಪ್ಪ ಅಳೆದೇ ತೀರ್ಮಾನಿಸಿ. ಅಂಚುಗಳಿಗೆ ಎರಡು ಕೈ ರೆಸಿನ್ ಕುಡಿಸಿ. ನೀರು ನುಗ್ಗುವುದು ಅಂಚಿನಿಂದಲೇ.

ಹೊರಪದರದ ಒಳಮೈಗೆ ನೆನೆಸಿದ ಮ್ಯಾಟ್ ಹಾಕಿ, ಅದರ ಮೇಲೆ ಹಲಗೆ ಕೂರಿಸಿ, ಕ್ಲಾಂಪ್ ಹಾಕಿ ಬಿಗಿಯಿರಿ. ಸುತ್ತಲೂ ರೆಸಿನ್ ಉಕ್ಕಿ ಬರಬೇಕು, ಬಾರದ ಕಡೆ ಟೊಳ್ಳಿದೆ. ಗಟ್ಟಿಯಾದ ಮೇಲೆ ಮೂಲೆಗಳಿಗೆ ಪುಟ್ಟಿ ತುಂಬಿ ಚಮಚದ ಬೆನ್ನಿನಿಂದ ದುಂಡಗೆ ಮಾಡಿ. ಮ್ಯಾಟ್ ಚೂಪು ಮೂಲೆಗೆ ಬಗ್ಗುವುದಿಲ್ಲ, ಅಲ್ಲಿ ಗಾಳಿ ನಿಲ್ಲುತ್ತದೆ. ನಂತರ ಮ್ಯಾಟ್, ರೋವಿಂಗ್, ಮ್ಯಾಟ್, ರೋವಿಂಗ್, ಕೊನೆಗೆ ಮ್ಯಾಟ್. ಇವು ಹಲಗೆಗೆ ಮಾತ್ರ ನಿಲ್ಲದೆ ಎರಡೂ ಪಕ್ಕಕ್ಕೆ, ತಳಕ್ಕೆ 10-15 ಸೆಂಟಿಮೀಟರ್ ಹರಡಲಿ.

ಮೋಟಾರ್ ಬೋಲ್ಟಿನ ತೂತನ್ನು ಕೊರೆಯುವುದರಲ್ಲೇ ಹಲಗೆಯ ಆಯುಷ್ಯ ಇದೆ. 10 ಮಿಲಿಮೀಟರ್ ಬೋಲ್ಟಿಗೆ ಮೊದಲು 16 ಮಿಲಿಮೀಟರ್ ತೂತು ಕೊರೆದು, ಪುಟ್ಟಿ ಗಿಡಿದು ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 10ರ ತೂತು ಕೊರೆಯಿರಿ. ಆಗ ಬೋಲ್ಟಿನ ಪಕ್ಕದಿಂದ ಇಳಿದ ನೀರು ಮರಕ್ಕೆ ಮುಟ್ಟುವುದೇ ಇಲ್ಲ. ನಮ್ಮ ಹಳೆ ಹಲಗೆ ಕೊಳೆಯಲು ಶುರುವಾದದ್ದು ಇಂಥ ಒಂದೇ ತೂತಿನ ಸುತ್ತ. ಬೋಲ್ಟ್ ಎಸ್‌ಎಸ್ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದ್ದು ಇರಲಿ, ಸೀಲಂಟ್ ಪಾಲಿಯುರೆಥೇನ್ ಇರಲಿ. ಬಚ್ಚಲಮನೆಯ ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ.

ಹಲಗೆಯ ಎತ್ತರವನ್ನೂ ಈಗಲೇ ನೋಡಿಕೊಳ್ಳಿ. ಶಾರ್ಟ್ ಶಾಫ್ಟ್ ಮೋಟಾರಿಗೆ ಸುಮಾರು 15 ಇಂಚು, ಲಾಂಗ್ ಶಾಫ್ಟಿಗೆ 20 ಇಂಚು.

ಒಳಗಿನ ಸಣ್ಣಪುಟ್ಟ

ಸೀಟಿನ ಅಡಿಯ ಪೆಟ್ಟಿಗೆಗಳಲ್ಲಿ ತೇಲಿಸುವ ಫೋಮ್ ಇರಬೇಕು. ದೋಣಿ ಮಗುಚಿದರೆ ಹಿಡಿದುಕೊಳ್ಳಲು ಅದೇ ಗತಿ. ನೀರು ಕುಡಿದ ಹಳೆ ಫೋಮ್ ಕಿತ್ತು ತೂಕ ನೋಡಿ, ಆಶ್ಚರ್ಯವಾಗುತ್ತದೆ. ಹೊಸದಕ್ಕೆ ಪಾಲಿಯುರೆಥೇನ್ ಫೋಮ್ ಹಾಕಿ. ಥರ್ಮೋಕೋಲ್ ಮೇಲೆ ಪಾಲಿಯೆಸ್ಟರ್ ರೆಸಿನ್ ಬಿದ್ದರೆ ಮಂಜಿನ ಹಾಗೆ ಕರಗಿ ಮಾಯವಾಗುತ್ತದೆ.

ಬಣ್ಣ

ಜೆಲ್‌ಕೋಟ್ ಗಾಳಿ ತಾಗುವ ಬದಿಯಲ್ಲಿ ಅಂಟಂಟಾಗಿಯೇ ಉಳಿಯುತ್ತದೆ. ಕೊನೆಯ ಕೈಗೆ ಮೇಣದ ದ್ರಾವಣ ಬೆರೆಸಿಕೊಳ್ಳಬೇಕು. ಸಣ್ಣ ಜಾಗವಾದರೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೂ ನಡೆಯುತ್ತದೆ. ಇಡೀ ದೋಣಿಗೆ ಜೆಲ್‌ಕೋಟ್ ಬಳಿದು ಮನೆಯಲ್ಲಿ ನುಣುಪು ತರುವುದು ಬಹಳ ಶ್ರಮದ ಕೆಲಸ. ತೇಪೆಗಳಿಗೆ ಮಾತ್ರ ಜೆಲ್‌ಕೋಟ್, ಉಳಿದದ್ದಕ್ಕೆ ಎಪಾಕ್ಸಿ ಪ್ರೈಮರ್ ಮತ್ತು ಎರಡು ಡಬ್ಬಿಯ ಪಾಲಿಯುರೆಥೇನ್ ಬಣ್ಣ ಎಂದು ನಾನು ತೀರ್ಮಾನಿಸಿದೆ. ಮೊದಲು 120, ಆಮೇಲೆ 220ರ ಉಪ್ಪುಕಾಗದ, ನೀರು ಹಾಕಿ ಉಜ್ಜಿ. ದಿನಾ ದಡಕ್ಕೆ ಎಳೆಯುವ ದೋಣಿಗೆ ಚಿಪ್ಪು ತಡೆಯುವ ದುಬಾರಿ ಬಣ್ಣ ಬೇಡ. ಅದು ನೀರಲ್ಲೇ ನಿಂತಿರುವ ದೋಣಿಗೆ.

ಬಣ್ಣ ಕೊಳ್ಳುವ ಮೊದಲು ಮೀನುಗಾರಿಕಾ ಇಲಾಖೆಯ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ಮೀನುಗಾರಿಕಾ ದೋಣಿಗೆ ನೋಂದಣಿ ಬೇಕು, ಅದರ ಸಂಖ್ಯೆಯನ್ನು ಮೈಮೇಲೆ ಬರೆಯಬೇಕು, ಬಣ್ಣಕ್ಕೂ ನಿಯಮ ಇದೆ. ಹಳೆ ದೋಣಿ ಇನ್ನೊಬ್ಬರ ಹೆಸರಿನಲ್ಲಿದ್ದರೆ ವರ್ಗಾವಣೆಯೂ ಆಗಬೇಕು.

ನೀರಿಗಿಳಿಸುವುದು

ಬಣ್ಣ ಆದ ಮೇಲೆ ಒಂದು ವಾರ ಸುಮ್ನೆ ಬಿಡಿ. ಮೊದಲ ದಿನ ಮೋಟಾರ್ ಹಾಕದೆ, ಹೊಳೆಯ ಸಮಾಧಾನದ ನೀರಿನಲ್ಲಿ, ದಡಕ್ಕೆ ಹಗ್ಗ ಕಟ್ಟಿಯೇ ಇಳಿಸಿ. ಒಳಗೆ ನೆಲ ಪೂರ್ತಿ ಒರೆಸಿ, ಸೀಮೆಸುಣ್ಣದ ಹುಡಿ ಉದುರಿಸಿ. ನೀರು ಎಲ್ಲಿಂದ ಬಂದರೂ ಹುಡಿ ಒದ್ದೆಯಾಗಿ ದಾರಿ ತೋರಿಸುತ್ತದೆ. ಒಂದು ಗಂಟೆ ಕಾಯಿರಿ. ಆಮೇಲೆ ಇಬ್ಬರನ್ನು ಕೂರಿಸಿ ಮತ್ತೊಂದು ಗಂಟೆ. ಮೋಟಾರ್ ಮರುದಿನ, ಅದೂ ಲೈಫ್ ಜಾಕೆಟ್ ಹಾಕಿಕೊಂಡು. ಹತ್ತು ಗಂಟೆ ಓಡಿಸಿದ ಮೇಲೆ ಹಲಗೆಯ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.

ನಮ್ಮ ದೋಣಿಯಲ್ಲಿ ಮೊದಲ ಗಂಟೆಗೇ ಅರ್ಧ ಚೆಂಬು ನೀರು ಬಂತು. ಎದೆ ಧಸಕ್ಕೆಂದಿತು. ತೇಪೆಗಳನ್ನೆಲ್ಲ ತಡಕಿದೆ, ಹುಡಿ ಎಲ್ಲವೂ ಒಣ. ಒದ್ದೆಯ ಗೆರೆ ಹಿಡಿದು ಹೋದರೆ ಅದು ನಿಂತದ್ದು ಹಿಂಬದಿಯ ನೀರು ಬಿಡುವ ಬಿರಡೆಯ ಹತ್ತಿರ. ದೋಣಿಯಲ್ಲಿ ನಾನು ಬದಲಿಸದೆ ಬಿಟ್ಟಿದ್ದ ಒಂದೇ ವಸ್ತು ಅದರ ರಬ್ಬರ್ ವಾಷರ್. ಅಜ್ಜ ದಡದ ಮೇಲೆ ಕೂತು ನಗುತ್ತಿದ್ದರು.

ವಾಷರ್ ತರಲು ಸೈಕಲ್ ಹತ್ತಿದೆ.